ಸೊನ್ನೆಯ ಹಲ್ಲು

ಮುಂದಿನ ಹಲ್ಲು ಬೇಡ, ಅಜ್ಜಿ.
ನಕ್ಕಾಗಲೆಲ್ಲ ಅದಕ್ಕೆ ಬಿಸಿಲು ತಾಗಿರುತ್ತದೆ,
ಬಿಸಿಲೂ ಒಂದು ಗೀರು ಎಳೆದಿರುತ್ತದೆ;
ಯಾವುದು ಬಾಂಬಿನ ಗೀರು, ಯಾವುದು ಬಿಸಿಲಿನದು
ಯಂತ್ರಕ್ಕೆ ತಿಳಿಯುವುದಿಲ್ಲ.
ದವಡೆಯದು ಬೇಕು. ಕತ್ತಲಲ್ಲಿ ಕೂತು
ಸುಮ್ಮನೆ ಜಗಿದದ್ದು.

ಷಾರ್ಬಾನು ನಕ್ಕಳು. ಬಾಯಿತುಂಬ ಉಕ್ಕು.
ಮೇಲಿನ ಸಾಲು ಸೆಮೆಯ್ ಪೇಟೆಯಲ್ಲಿ ಕಟ್ಟಿಸಿದ್ದು,
ಕೆಳಗಿನದು ಮಗಳ ಮದುವೆಯ ವರ್ಷ, ಎರಡು ಕುರಿ ಮಾರಿ.
"ಉಕ್ಕಿಗೆ ನೆನಪಿರುತ್ತದೋ, ಮಗಳೇ?"
ಇಲ್ಲ. ಎನಾಮಲ್ಲಿಗೆ ಮಾತ್ರ.

ನಮೂನೆ ತುಂಬುತ್ತ ಹೋದೆ.
ಹುಟ್ಟಿದ್ದೆಲ್ಲಿ. ಯಾವ ಬಾವಿಯ ನೀರು.
ಹಸುವಿನ ಹಾಲೋ, ಕುದುರೆಯದೋ, ದಿನಕ್ಕೆಷ್ಟು ಬಟ್ಟಲು.
ಆ ಬೆಳಿಗ್ಗೆ ಹೊರಗೆ ಎಷ್ಟು ಹೊತ್ತು ಇದ್ದಿರಿ?
"ಗೋಡೆ ಬೀಳಬಹುದು, ಹೊರಗೆ ಬನ್ನಿ ಅಂದರು ಸಿಪಾಯಿಗಳು.
ಕಾಲುವೆಯಲ್ಲಿ ಮಲಗಿಸಿ ಮೇಲೆ ಕಂಬಳಿ ಹೊದಿಸಿದರು.
ನಾನೂ ತಮ್ಮನೂ ಒಂದೇ ಕಂಬಳಿಯೊಳಗೆ.
ತೂತು ಇದೆಯೋ ಅಂತ ತಡಕಿದೆವು. ಇತ್ತು.
ಅವನು ಮೊದಲು ನೋಡಿದ. ಆಮೇಲೆ ನಾನು."
ಎಷ್ಟು ಹೊತ್ತು?
"ಹಾಲು ಉಕ್ಕಿ ಒಲೆ ಆರುವಷ್ಟು."
ಇಪ್ಪತ್ತು ನಿಮಿಷ, ಎಂದು ಬರೆದುಕೊಂಡೆ.

ಆಮೇಲೆ ಎದ್ದು ಪೆಟ್ಟಿಗೆ ತೆಗೆದಳು.
ಒಂದು ಚೀಲ. ಚೀಲದಲ್ಲಿ ಕುರಿಯ ಗೆಣ್ಣುಮೂಳೆ,
ಮಕ್ಕಳು ಗುರಿಯಿಟ್ಟು ಆಡುವಂಥವು,
ಒಂದಕ್ಕೆ ಕೆಂಪು ಬಳಿದಿತ್ತು.
ಎಲ್ಲವನ್ನೂ ಮಡಿಲಿಗೆ ಸುರುವಿಕೊಂಡು
ಅಕ್ಕಿಯಲ್ಲಿ ಕಲ್ಲು ಹುಡುಕುವವಳ ಹಾಗೆ ಬೆರಳಾಡಿಸಿ
ಒಂದನ್ನು ಎತ್ತಿ ಕೊಟ್ಟಳು.
"ಮುಕಾತಾಯ್‌ದು. ಮೂವತ್ತೆರಡಕ್ಕೆ ಕೀಳಿಸಿದ.
ಮೂವತ್ತಮೂರಕ್ಕೆ ಅವನೇ ಇಲ್ಲ.
ಕಂಬಳಿ ಒಂದೇ ಇತ್ತಲ್ಲ,
ಅವನದನ್ನು ಅಳೆದರೆ ನನ್ನದೂ ಅಳೆದ ಹಾಗೆ."

ಹಾಗಲ್ಲ ಎನ್ನಬೇಕಿತ್ತು. ರಸೀದಿ ಬರೆದೆ.

ಹಲ್ಲು ಇಡಿಯಾಗಿ ಬಾಯಿ ಬಿಡುವುದಿಲ್ಲ.
ಸೀಳಬೇಕು, ಒಳಗಿನ ಹಳದಿ ಕೆರೆದು ಬಿಸಾಡಬೇಕು,
ಕುಟ್ಟಿ ಜರಡಿ ಹಿಡಿಯಬೇಕು, ರವೆಗಿಂತ ಸಣ್ಣಗೆ.
ಮುಕಾತಾಯ್ ಎಂಬುವನು ಗಾಜಿನ ಕೊಳವೆಯಲ್ಲಿ
ಒಂದು ಚಿಟಿಕೆ.
ಎರಡು ಅಯಸ್ಕಾಂತಗಳ ನಡುವೆ ನಿಲ್ಲಿಸಿದೆ.
ತೆರೆಯ ಮೇಲೆ ಗೆರೆ ನಡೆಯುತ್ತ ನಡೆಯುತ್ತ
ಒಂದು ಕಡೆ ತುಸು ಎದ್ದಿತು,
ಮಲಗಿದವನು ಕಂಬಳಿಯೊಳಗೆ ಮೊಣಕಾಲು ಮಡಚಿದಷ್ಟು.

ಹಿಮ ಬಿದ್ದ ಮೇಲೆ ಕಾಗದ ಹಿಡಿದು ಹೋದೆ.
ಮುನ್ನೂರ ನಲವತ್ತು, ಅಜ್ಜಿ.
ತೊಂಬತ್ತು ಹೆಚ್ಚುಕಡಿಮೆ.
"ಹೆಚ್ಚೋ, ಕಡಿಮೆಯೋ? ಒಂದು ಹೇಳು."

ಹೆಚ್ಚು.

"ಯಾರಿಗಿಂತ?"

ಈ ಪ್ರಶ್ನೆಯನ್ನು ಸೆಮೆಯ್‌ನಲ್ಲಿ ಯಾರೂ ಕೇಳಿರಲಿಲ್ಲ.
ಹೇಳಿದೆ: ಬಲು ದೂರ ಒಂದು ಹಳ್ಳಿ,
ಆ ದಿನ ಗಾಳಿ ಅತ್ತ ಬೀಸಿರಲಿಲ್ಲ.
ಅಲ್ಲಿ ಒಬ್ಬಾಕೆ, ನಿಮ್ಮದೇ ವಯಸ್ಸು,
ಅವಳೂ ಒಂದು ದವಡೆಹಲ್ಲು ಕೊಟ್ಟಿದ್ದಾಳೆ.
ಅವಳನ್ನು ಸೊನ್ನೆ ಎಂದಿಟ್ಟುಕೊಂಡು
ಅಲ್ಲಿಂದ ಎಣಿಸುತ್ತೇವೆ.

"ಹೆಸರು?"
ಹೆಸರಿಲ್ಲ. ಕೆ-ಹದಿನೇಳು.
"ತಮ್ಮ ಇದ್ದಾನೋ?"
ನಮೂನೆಯಲ್ಲಿ ಆ ಪ್ರಶ್ನೆ ಇಲ್ಲ.

ಷಾರ್ಬಾನು ಕಾಗದವನ್ನು ಗೆಣ್ಣುಮೂಳೆಗಳ ಚೀಲಕ್ಕೆ ತುರುಕಿದಳು.
ಚಹಾ ಬಗ್ಗಿಸಿದಳು. ಚಳಿ ಎಂದಳು, ದನಕ್ಕೆ ಮೇವಿಲ್ಲ ಎಂದಳು.
ಹೊರಡುವಾಗ ಬಾಗಿಲಲ್ಲಿ ಗಂಟೊಂದನ್ನು ಕೈಗಿಟ್ಟಳು,
ಒಣಗಿಸಿದ ಮೊಸರಿನ ಉಂಡೆ, ಕುರ್ತ್, ಬಿಳೀ ಕಲ್ಲಿನಂಥವು.
"ಆ ಸೊನ್ನೆಗೆ ಕೊಡು.
ಹಲ್ಲಿದ್ದರೆ ಕಡಿಯಲಿ.
ಇಲ್ಲದಿದ್ದರೆ ದವಡೆಗೆ ಒತ್ತಿಕೊಂಡು ಕಾಯಲಿ, ನನ್ನ ಹಾಗೆ."

ಕೆ-ಹದಿನೇಳರ ವಿಳಾಸ ನನ್ನ ಬಳಿ ಇಲ್ಲ.
ಜೀಪು ಕುಲುಕಿದಾಗೆಲ್ಲ ಗಂಟು
ಚಳಿಗೆ ಹಲ್ಲು ಕಟಕಟಿಸಿದ ಹಾಗೆ ಸದ್ದು ಮಾಡಿತು.
ಅರ್ಧ ದಾರಿಯಲ್ಲಿ ಒಂದನ್ನು ಬಾಯಿಗೆ ಹಾಕಿಕೊಂಡೆ.
ಉಪ್ಪು.
ಪೇಟೆಯ ದೀಪ ಕಂಡಾಗಲೂ
ಅದು ಇನ್ನೂ ಕರಗಿರಲಿಲ್ಲ.